ಬಿಡಿಭಾಗ ತರಿಸಿ ಎಲೆಕ್ಟ್ರಿಕ್ ಗಿಟಾರ್ ಕಟ್ಟುವ ಲೆಕ್ಕಾಚಾರ

ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿ ಅಂಗಡಿ ನಡೆಸುತ್ತಿದ್ದ ಲಿಯೋ ಫೆಂಡರ್ ಗಿಟಾರ್ ವಾದಕರಾಗಿರಲಿಲ್ಲ. ಅವರು ವಾದ್ಯವನ್ನು ನೋಡಿದ್ದು ರಿಪೇರಿ ಮಾಡುವವನ ಕಣ್ಣಿನಿಂದ. ಆ ಕಾಲದ ಗಿಟಾರುಗಳಲ್ಲಿ ನೆಕ್ಕನ್ನು, ಅಂದರೆ ಬೆರಳುಗಳು ಓಡಾಡುವ ಉದ್ದನೆಯ ದಂಡಿಯನ್ನು, ಬಾಡಿಗೆ, ಅಂದರೆ ಗಿಟಾರಿನ ಒಡಲಿಗೆ, ಅಂಟಿನಿಂದ ಸೇರಿಸುತ್ತಿದ್ದರು. ದಂಡಿ ಬಾಗಿದರೆ ಅದನ್ನು ಬಿಡಿಸಿ ಮತ್ತೆ ಕೂರಿಸಲು ನುರಿತ ಕೈಯೇ ಬೇಕಾಗುತ್ತಿತ್ತು. ಫೆಂಡರ್ ಆ ಅಂಟನ್ನೇ ಕೈಬಿಟ್ಟರು. ಟೊಳ್ಳಿಲ್ಲದ ಹಲಗೆಯಲ್ಲಿ ಒಂದು ಗುಳಿ ಕೊರೆದು, ಅದರೊಳಗೆ ನೆಕ್ಕಿನ ಬುಡವನ್ನು ಕೂರಿಸಿ, ಹಿಂದಿನಿಂದ ನಾಲ್ಕು ತಿರುಪು ಹಾಕಿ ಬಿಗಿದರು. 1950ರಲ್ಲಿ ಎಸ್ಕ್ವೈರ್ ಮತ್ತು ಬ್ರಾಡ್‌ಕಾಸ್ಟರ್ ಎಂಬ ಹೆಸರುಗಳಲ್ಲಿ ಹೊರಬಂದ ಈ ವಾದ್ಯ, ಗ್ರೆಚ್ ಕಂಪನಿ ಅದೇ ಉಚ್ಚಾರಣೆಯ ಹೆಸರನ್ನು ತನ್ನ ಡ್ರಮ್ಮುಗಳಿಗೆ ಮೊದಲೇ ಬಳಸುತ್ತಿದ್ದುದರಿಂದ, 1951ರಲ್ಲಿ ಟೆಲಿಕಾಸ್ಟರ್ ಆಯಿತು. ಸ್ಟ್ರ್ಯಾಟೊಕಾಸ್ಟರ್ ಬಂದದ್ದು 1954ರಲ್ಲಿ.

ಹಾಳಾದ ಭಾಗವನ್ನು ಬಿಚ್ಚಿ ಹೊಸದನ್ನು ಹಾಕಬಹುದಾದರೆ, ಹಾಳಾಗದ ಭಾಗವನ್ನೂ ಬಿಚ್ಚಿ ಇಷ್ಟವಾದದ್ದನ್ನು ಹಾಕಬಹುದು. ಈ ಮಾತು ವಾದಕರಿಗೆ ಬೇಗ ಹೊಳೆಯಿತು. ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನ ಅಂಗಡಿಯೊಂದರಲ್ಲಿ ಹಲವು ಹಳೆಯ ಸ್ಟ್ರ್ಯಾಟೊಕಾಸ್ಟರುಗಳನ್ನು ಕೊಂಡು, ಕೆಲವನ್ನು ಗೆಳೆಯರಿಗೆ ಹಂಚಿ, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದೇ ಗಿಟಾರ್ ಮಾಡಿಕೊಂಡರು. ‘ಬ್ಲ್ಯಾಕಿ’ ಎಂದು ಹೆಸರಾದ ಆ ಜೋಡಣೆಯ ವಾದ್ಯ 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. 1970ರ ದಶಕದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಕ್ ಮತ್ತು ಬಾಡಿಗಳನ್ನು ಬಿಡಿಯಾಗಿ ಮಾಡಿ ಮಾರುವ ಕಾರ್ಯಾಗಾರಗಳು ಹುಟ್ಟಿಕೊಂಡವು. ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್ ಅಂಥ ಬಿಡಿ ಬಾಡಿ ಮತ್ತು ಬಿಡಿ ನೆಕ್ಕಿಗೆ, ಗಿಬ್ಸನ್ ಎಂಬ ಇನ್ನೊಂದು ಕಂಪನಿಯ ಹಳೆಯ ಗಿಟಾರೊಂದರ ಪಿಕಪ್ಪನ್ನು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗವನ್ನು, ಸೇರಿಸಿ ತಮ್ಮ ಪ್ರಸಿದ್ಧ ಗಿಟಾರನ್ನು ಕಟ್ಟಿದರು. ಹೀಗೆ ಜೋಡಿಸಿದ ವಾದ್ಯಗಳಿಗೆ ಬಲ್ಲವರ ನಡುವೆ ‘ಪಾರ್ಟ್ಸ್‌ಕಾಸ್ಟರ್’ ಎಂಬ ಹೆಸರಿದೆ.

ಇಂದು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಕುಳಿತು ಈ ಎಲ್ಲ ಭಾಗಗಳನ್ನು ಬೇರೆ ಬೇರೆ ದೇಶಗಳಿಂದ ತರಿಸಿಕೊಳ್ಳಬಹುದು. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಸಾಗಣೆಯ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿದರೆ ಹೀಗೆ ಕಟ್ಟಿದ ಗಿಟಾರ್ ಅಗ್ಗವಾಗುವುದಿಲ್ಲ, ಮಾರಲು ಹೊರಟರೆ ಹಾಕಿದ ಹಣ ಮರಳುವುದೂ ಅಪರೂಪ. ಹಣ ಉಳಿಸುವುದಕ್ಕಾಗಿ ಈ ಕೆಲಸಕ್ಕೆ ಇಳಿಯಬಾರದು. ತನ್ನ ಕೈಯಳತೆಯ ನೆಕ್, ತನಗೆ ಬೇಕಾದ ನಾದದ ಪಿಕಪ್, ತನ್ನ ಹೆಗಲಿಗೆ ಒಗ್ಗುವ ತೂಕ ಇವು ಒಂದೇ ವಾದ್ಯದಲ್ಲಿ ಕೂಡಿಬರಲಿ ಎಂಬ ಆಸೆ ಇದ್ದವರಿಗೆ ಇದು ಸರಿಯಾದ ದಾರಿ.

ಈ ದಾರಿಯಲ್ಲಿ ಎಡವುವವರು ಸಾಮಾನ್ಯವಾಗಿ ಎಡವುವುದು ಬೈರಿಗೆ ಹಿಡಿದಾಗಲ್ಲ, ಆರ್ಡರ್ ಮಾಡುವಾಗ. ಪ್ರತಿಯೊಂದು ಭಾಗವೂ ತನ್ನ ಮಟ್ಟಿಗೆ ಉತ್ತಮವಾಗಿದ್ದು, ಎರಡು ಉತ್ತಮ ಭಾಗಗಳು ಒಂದಕ್ಕೊಂದು ಹೊಂದದೆ ಹೋಗುವುದು ಸಾಧ್ಯ. ಆದ್ದರಿಂದ ಭಾಗಗಳ ಗುಣಕ್ಕಿಂತ ಮೊದಲು ಅವುಗಳ ನಡುವಿನ ಸಂಬಂಧವನ್ನು ಅರಿಯಬೇಕು, ಆ ಸಂಬಂಧವನ್ನೆಲ್ಲ ಆಳುವುದು ಒಂದೇ ಒಂದು ಉದ್ದ.

ತಂತಿಯ ಉದ್ದ

ಗಿಟಾರಿನ ತಲೆಯ ಕಡೆ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿಗೆ ನಟ್ ಎನ್ನುತ್ತಾರೆ. ಇನ್ನೊಂದು ತುದಿಯಲ್ಲಿ, ವೀಣೆಯಲ್ಲಿ ನಾವು ಕುದುರೆ ಎನ್ನುವ ಜಾಗದಲ್ಲಿ, ಬ್ರಿಡ್ಜ್ ಇರುತ್ತದೆ, ಅದರ ಮೇಲೆ ತಂತಿ ಒರಗುವ ಸಣ್ಣ ಲೋಹದ ತುಂಡುಗಳೇ ಸ್ಯಾಡಲುಗಳು. ನಟ್ಟಿನಿಂದ ಸ್ಯಾಡಲಿನವರೆಗಿನ, ಮೀಟಿದಾಗ ಕಂಪಿಸುವ ತಂತಿಯ ಉದ್ದವೇ ಸ್ಕೇಲ್. ಫೆಂಡರ್ ಮಾದರಿಯಲ್ಲಿ ಅದು 25.5 ಇಂಚು, ಅಂದರೆ ಸುಮಾರು 648 ಮಿ.ಮೀ. ಗಿಬ್ಸನ್ ಮಾದರಿಯಲ್ಲಿ 24.75 ಇಂಚು, ಸುಮಾರು 628 ಮಿ.ಮೀ.

ನೆಕ್ಕಿನ ಮೇಲೆ ಅಡ್ಡಲಾಗಿ ಕೂರುವ ಲೋಹದ ಪಟ್ಟಿಗಳ, ಅಂದರೆ ಮೆಟ್ಟಿಲುಗಳ (ಫ್ರೆಟ್), ಸ್ಥಾನ ಈ ಉದ್ದದಿಂದಲೇ ಹುಟ್ಟುತ್ತದೆ. ಸಪ್ತಕವೊಂದನ್ನು ಹನ್ನೆರಡು ಸಮ ಪಾಲು ಮಾಡುವ ಪದ್ಧತಿಯಲ್ಲಿ, ಉಳಿದಿರುವ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ಸಿಗುತ್ತದೆ. 648 ಮಿ.ಮೀ. ಸ್ಕೇಲಿನಲ್ಲಿ ಮೊದಲ ಮೆಟ್ಟಿಲು ನಟ್ಟಿನಿಂದ 36.4 ಮಿ.ಮೀ. ದೂರದಲ್ಲಿಯೂ ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, 324 ಮಿ.ಮೀ. ದೂರದಲ್ಲಿಯೂ ಬರುತ್ತವೆ. ಸರಸ್ವತಿ ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ, ಮೇಳ ಕಟ್ಟುವವರು ಕಿವಿಯ ಆಧಾರದಿಂದ ಒಂದೊಂದನ್ನೂ ಸರಿಸಿ ಸ್ವರಸ್ಥಾನ ಕೂರಿಸುತ್ತಾರೆ. ಗಿಟಾರಿನಲ್ಲಿ ಆ ಅನುಕೂಲವಿಲ್ಲ. ನೆಕ್ ತಯಾರಕರು ಸೀಳು ಕೊರೆದು ಮೆಟ್ಟಿಲು ಬಡಿದ ಮೇಲೆ ಅವು ಕದಲುವುದಿಲ್ಲವಾದ್ದರಿಂದ, ಆ ನೆಕ್ ಯಾವ ಉದ್ದವನ್ನು ನಂಬಿ ಹುಟ್ಟಿದೆಯೋ ಅದೇ ಉದ್ದದಲ್ಲಿ ಬ್ರಿಡ್ಜನ್ನು ಕೂರಿಸುವ ಹೊಣೆ ಕಟ್ಟುವವರದು. ಬ್ರಿಡ್ಜ್ 3 ಮಿ.ಮೀ. ಹಿಂದೆ ಹೋಯಿತೆನ್ನಿ. ಆಗ ಪೂರ್ಣ ತಂತಿ 651 ಮಿ.ಮೀ. ಆಗುತ್ತದೆ, ಹನ್ನೆರಡನೆಯ ಮೆಟ್ಟಿಲಿನಿಂದ ಮುಂದಿನದು 327 ಮಿ.ಮೀ. ಆಗುತ್ತದೆ, ಅದು ಅರ್ಧವಲ್ಲ. ಲೆಕ್ಕ ಹಾಕಿದರೆ ಮೇಲಿನ ಸ್ವರ ಸುಮಾರು 8 ಸೆಂಟ್ ಇಳಿಯುತ್ತದೆ, ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು. ಪಳಗಿದ ಕಿವಿಗೆ ಅಷ್ಟು ಸಾಕು.

ಸ್ಯಾಡಲುಗಳನ್ನು ತಿರುಪಿನಿಂದ ಹಿಂದೆ ಮುಂದೆ ಸರಿಸಿ ಇಂಥ ಸಣ್ಣ ವ್ಯತ್ಯಾಸವನ್ನು ಸರಿಪಡಿಸಬಹುದು, ಆದರೆ ಆ ಓಡಾಟ ಸುಮಾರು ಒಂದು ಸೆಂಟಿಮೀಟರಿನದು ಮಾತ್ರ. 648ರ ಬಾಡಿಗೆ 628ರ ನೆಕ್ ಹಾಕಿದರೆ ಯಾವ ತಿರುಪೂ ಅದನ್ನು ಉಳಿಸಲಾರದು. ಬ್ರಿಡ್ಜಿನ ಜಾಗ ಬದಲಿಸದೆ ಗಿಡ್ಡ ಸ್ಕೇಲ್ ಬೇಕೆನ್ನುವವರಿಗಾಗಿ, ನಟ್ಟನ್ನೇ ಬ್ರಿಡ್ಜಿನ ಹತ್ತಿರಕ್ಕೆ ತಂದು ಲೆಕ್ಕ ಹಾಕಿದ ಕನ್ವರ್ಷನ್ ನೆಕ್ಕುಗಳು ದೊರೆಯುತ್ತವೆ.

ಹೊಂದಬೇಕಾದ ಅಳತೆಗಳು

ಮೊದಲ ಬಾರಿ ಕಟ್ಟುವವರಿಗೆ ನಾನು ಹೇಳುವುದು ಟೆಲಿಕಾಸ್ಟರ್ ಮಾದರಿಯನ್ನೇ. ಎರಡು ಪಿಕಪ್, ಒಂದು ಸ್ವಿಚ್, ಒಂದು ವಾಲ್ಯೂಮ್, ಒಂದು ಟೋನ್, ಅಲುಗಾಡದ ಬ್ರಿಡ್ಜ್, ಇಷ್ಟೇ ಅದರ ಸಂಸಾರ. ಸ್ಪ್ರಿಂಗುಗಳ ಮೇಲೆ ತೂಗುವ ಟ್ರೆಮೊಲೊ ಬ್ರಿಡ್ಜಿನಲ್ಲಿ ಒಂದು ತಂತಿಯ ಬಿಗಿ ಬದಲಾದರೆ ಉಳಿದ ಐದರ ಶ್ರುತಿಯೂ ಅಲುಗುತ್ತದೆ, ಅದನ್ನು ಎರಡನೆಯ ಗಿಟಾರಿಗೆ ಇಟ್ಟುಕೊಳ್ಳುವುದು ಮೇಲು.

ಟೆಲಿಕಾಸ್ಟರ್ ಮಾದರಿಯ ಬಾಡಿಯ ದಪ್ಪ ಸುಮಾರು 44.5 ಮಿ.ಮೀ. ನೆಕ್ ಕೂರುವ ಗುಳಿಯ ಅಗಲ ಸುಮಾರು 56 ಮಿ.ಮೀ., ಆಳ ಸುಮಾರು 16 ಮಿ.ಮೀ. ನೆಕ್ಕಿನ ಬುಡದ ದಪ್ಪ ಸುಮಾರು 25.4 ಮಿ.ಮೀ. ಇರುವುದರಿಂದ, ನೆಕ್ಕಿನ ಮೇಲ್ಮುಖವಾದ ಬೆರಳ ಹಲಗೆ ಬಾಡಿಗಿಂತ ಒಂಬತ್ತೂವರೆ ಮಿ.ಮೀ.ನಷ್ಟು ಎತ್ತರದಲ್ಲಿ ನಿಲ್ಲುತ್ತದೆ. ಫೆಂಡರ್ ಮಾದರಿಯ ಬ್ರಿಡ್ಜುಗಳು ತಗ್ಗಾಗಿರುವುದು ಈ ಎತ್ತರಕ್ಕೆ ತಕ್ಕಂತೆ. ಗಿಬ್ಸನ್ ಗಿಟಾರುಗಳ ಟ್ಯೂನ್-ಒ-ಮ್ಯಾಟಿಕ್ ಬ್ರಿಡ್ಜ್ ಎತ್ತರವಾದದ್ದು, ಅದಕ್ಕೆ ಹಿಂದಕ್ಕೆ ವಾಲಿದ ನೆಕ್ ಬೇಕು. ನೋಟಕ್ಕೆ ಚೆನ್ನಾಗಿದೆ ಎಂದು ಅದನ್ನು ಈ ಸಮತಟ್ಟಾದ ಬಾಡಿಯ ಮೇಲೆ ಹಾಕಿದರೆ ತಂತಿಗಳು ಬೆರಳಿಗೆ ಎಟುಕದಷ್ಟು ಮೇಲೆ ನಿಲ್ಲುತ್ತವೆ.

ಬುಡದ ಆಕಾರವನ್ನೂ ನೋಡಬೇಕು. ಟೆಲಿಕಾಸ್ಟರ್ ನೆಕ್ಕಿನ ಬುಡ ಚೌಕವಾಗಿ ಕತ್ತರಿಸಿದಂತಿರುತ್ತದೆ, ಸ್ಟ್ರ್ಯಾಟೊಕಾಸ್ಟರಿನದು ಕಮಾನಿನಂತೆ ದುಂಡಗಿರುತ್ತದೆ. ದುಂಡು ಬುಡವನ್ನು ಚೌಕದ ಗುಳಿಗೆ ಇಟ್ಟರೆ ಮೂಲೆಗಳಲ್ಲಿ ಸಂದು ಕಾಣುತ್ತದೆ, ಚೌಕದ ಬುಡ ದುಂಡು ಗುಳಿಗೆ ಪೂರ್ತಿ ಇಳಿಯುವುದೇ ಇಲ್ಲ. ಮೂಲ ಮಾದರಿಯಲ್ಲಿ 21 ಮೆಟ್ಟಿಲು. 22 ಬೇಕೆಂದರೆ ಬೆರಳ ಹಲಗೆಯನ್ನು ಬುಡದ ಆಚೆಗೆ ಸ್ವಲ್ಪ ಚಾಚಿ ಕೊನೆಯ ಮೆಟ್ಟಿಲನ್ನು ಅಲ್ಲಿ ಕೂರಿಸುತ್ತಾರೆ, ಬುಡದ ಉದ್ದ ಬದಲಾಗದ ಕಾರಣ ಅಂಥ ನೆಕ್ ಅದೇ ಗುಳಿಗೆ ಹೊಂದುತ್ತದೆ.

ಬೆರಳ ಹಲಗೆ ಸಮತಟ್ಟಲ್ಲ, ಅಡ್ಡಲಾಗಿ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಯಾವ ವೃತ್ತದ ತುಣುಕೋ ಅದರ ತ್ರಿಜ್ಯವನ್ನು ತಯಾರಕರು ಇಂಚಿನಲ್ಲಿ ಹೇಳುತ್ತಾರೆ. ಹಳೆಯ ಫೆಂಡರಿನದು 7.25, ಈಚಿನವು 9.5, ಇನ್ನೂ ಚಪ್ಪಟೆ ಬೇಕೆನ್ನುವವರಿಗೆ 12. ಚಿಕ್ಕ ತ್ರಿಜ್ಯ, ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ಕಾರ್ಡ್ ಹಿಡಿಯುವ ಕೈಗೆ ಹಿತ. ಆದರೆ ತಂತಿಗಳನ್ನು ತೀರ ತಗ್ಗಿಸಿಟ್ಟು ಮೇಲಿನ ಮೆಟ್ಟಿಲುಗಳಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದರೆ ಅದು ಉಬ್ಬಿನ ನೆತ್ತಿಗೆ ತಾಗಿ ಸ್ವರ ಸತ್ತುಹೋಗುತ್ತದೆ. ಗಮಕದಂತೆ ತಂತಿ ಎಳೆದು ನುಡಿಸುವವರು ಚಪ್ಪಟೆ ಹಲಗೆಯನ್ನು ಆರಿಸುವುದಕ್ಕೆ ಇದೇ ಕಾರಣ.

ಬಿರಡೆಗಳ ರಂಧ್ರ ಹಳೆಯ ಮಾದರಿಗೆ ಸುಮಾರು 8.7 ಮಿ.ಮೀ., ಹೊಸ ಮಾದರಿಗೆ 10 ಮಿ.ಮೀ. ದೊಡ್ಡ ರಂಧ್ರಕ್ಕೆ ಹಳೆಯ ಬಿರಡೆ ಹಾಕಲು ಹೊಂದಾಣಿಕೆಯ ಉಂಗುರಗಳು ಸಿಗುತ್ತವೆ. ಚಿಕ್ಕ ರಂಧ್ರಕ್ಕೆ ಹೊಸ ಬಿರಡೆ ತರಿಸಿದರೆ ಮುಗಿಸಿದ ನೆಕ್ಕನ್ನು ಮತ್ತೆ ಕೊರೆಯಬೇಕಾಗುತ್ತದೆ, ಮೇಪಲ್ ಮರ ಅಂಚಿನಲ್ಲಿ ಸಿಗಿಯುವುದು ಸುಲಭ. ಬ್ರಿಡ್ಜಿನಲ್ಲೂ ಇದೇ ಕಥೆ. ಮೂರು ಸ್ಯಾಡಲಿನ ಹಳೆಯ ತಗಡಿಗೂ ಆರು ಸ್ಯಾಡಲಿನ ಹೊಸ ತಗಡಿಗೂ ತಿರುಪಿನ ಸ್ಥಾನಗಳು ಬೇರೆ, ಬಾಡಿಯ ಹಿಂದಿನಿಂದ ತಂತಿ ತೂರಿಬರುವ ರಂಧ್ರಗಳ ಸಾಲೂ ಬೇರೆ ಇರಬಹುದು. ಆದ್ದರಿಂದ ಮೊದಲು ಬ್ರಿಡ್ಜನ್ನು ಗೊತ್ತುಮಾಡಿಕೊಂಡು, ಆಮೇಲೆ ಅದಕ್ಕೆ ತಕ್ಕ ರಂಧ್ರಗಳಿರುವ ಬಾಡಿಯನ್ನು ಆರ್ಡರ್ ಮಾಡುವುದೇ ಕ್ಷೇಮ. ಬಣ್ಣ ನೋಡಿ ಬಾಡಿಯನ್ನು ಮೊದಲು ಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ, ಅದನ್ನು ಸ್ವಲ್ಪ ಹತ್ತಿಕ್ಕಿಕೊಳ್ಳಬೇಕು.

ಇಷ್ಟೊಂದು ತಯಾರಕರು ಒಂದೇ ಆಕಾರದ ಬಾಡಿ ಮಾಡುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಫೆಂಡರ್ ಕಂಪನಿ ತನ್ನ ಬಾಡಿಗಳ ಆಕಾರವನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹಾಕಿದ ಅರ್ಜಿಯನ್ನು ಅಮೆರಿಕದ ಸಂಬಂಧಪಟ್ಟ ಮಂಡಳಿ 2009ರಲ್ಲಿ ತಿರಸ್ಕರಿಸಿತು, ದಶಕಗಳ ಕಾಲ ಎಲ್ಲರೂ ಬಳಸಿದ ಆ ಆಕಾರ ಒಬ್ಬರ ಗುರುತಾಗಿ ಉಳಿದಿಲ್ಲ ಎಂಬುದು ಅದರ ನಿಲುವು. ನೆಕ್ಕಿನ ತಲೆಯ ಆಕಾರದ ಮಾತು ಬೇರೆ, ಅದು ಕಂಪನಿಯ ಸೊತ್ತು. ವಾರ್ಮತ್, ಆಲ್‌ಪಾರ್ಟ್ಸ್‌ನಂಥ ತಯಾರಕರು ಪರವಾನಗಿ ಪಡೆದೇ ಆ ತಲೆಯ ನೆಕ್ಕುಗಳನ್ನು ಮಾಡುತ್ತ ಬಂದಿದ್ದಾರೆ. ಕೈಯಾರೆ ಕಟ್ಟಿದ ಗಿಟಾರಿನ ತಲೆಗೆ ಫೆಂಡರ್ ಹೆಸರಿನ ಚೀಟಿ ಅಂಟಿಸುವ ಚಾಳಿಯನ್ನು ನಾನು ಒಪ್ಪುವುದಿಲ್ಲ. ನಾಳೆ ಅದು ಮೂರನೆಯವರ ಕೈಗೆ ಹೋದಾಗ ಮೋಸವಾಗಿ ಬಿಡುತ್ತದೆ.

ಮರದ ವಿಚಾರ

ಬಾಡಿಗೆ ಆಲ್ಡರ್, ಆಶ್, ಬಾಸ್‌ವುಡ್, ಮಹಾಗನಿ ಮುಂತಾದವನ್ನು ಬಳಸುತ್ತಾರೆ. ಯಾವ ಮರ ಯಾವ ನಾದ ಕೊಡುತ್ತದೆ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಟೊಳ್ಳು ಗಿಟಾರಿನಲ್ಲಿ ಮರವೇ ನಾದವನ್ನು ಹೊರಸೂಸುತ್ತದೆ. ಇಲ್ಲಿ ಹಾಗಲ್ಲ, ಪಿಕಪ್ ಗ್ರಹಿಸುವುದು ಉಕ್ಕಿನ ತಂತಿಯ ಚಲನೆಯನ್ನು. ಹಾಗಾಗಿ ಮರದ ಜಾತಿಗಿಂತ ಪಿಕಪ್ಪು, ಅದರ ಸ್ಥಾನ ಮತ್ತು ಸ್ಪೀಕರ್ ಹೆಚ್ಚು ದೊಡ್ಡ ವ್ಯತ್ಯಾಸ ತರುತ್ತವೆ ಎಂಬುದು ನನ್ನ ಅಭಿಪ್ರಾಯ. ಮರವನ್ನು ತೂಕ ಮತ್ತು ಒಣಗಿರುವಿಕೆ ನೋಡಿ ಆರಿಸಬೇಕು. ಎರಡು ಗಂಟೆ ನಿಂತು ನುಡಿಸುವವರಿಗೆ ಅರ್ಧ ಕೆ.ಜಿ. ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ.

ನೆಕ್ಕಿಗೆ ಬಹುಪಾಲು ಮೇಪಲ್. ಅದರ ಮೇಲಿನ ಬೆರಳ ಹಲಗೆ ಮೇಪಲಿನದೇ ಆಗಿರಬಹುದು, ರೋಸ್‌ವುಡ್ ಆಗಿರಬಹುದು. ಜಗತ್ತಿನ ಅಸಂಖ್ಯಾತ ಗಿಟಾರುಗಳ ಮೇಲಿರುವ ಆ ಇಂಡಿಯನ್ ರೋಸ್‌ವುಡ್ ಬೇರೇನೂ ಅಲ್ಲ, ನಮ್ಮ ಪಶ್ಚಿಮ ಘಟ್ಟಗಳ ಬೀಟೆ. ಮೈಸೂರಿನ ಕೆತ್ತನೆಯವರು ಕುಸುರಿ ಕೂರಿಸುವ ಅದೇ ಕಪ್ಪುಗೆಂಪು ಮರ. ಬ್ರೆಜಿಲಿನ ರೋಸ್‌ವುಡ್ ಅಪರೂಪವಾಗುತ್ತ ಬಂದಂತೆ ಅಮೆರಿಕದ ತಯಾರಕರು 1960ರ ದಶಕದಲ್ಲಿ ಬೀಟೆಯತ್ತ ತಿರುಗಿದರು. 2017ರ ಜನವರಿಯಿಂದ ಬೀಟೆಯ ಕುಲವಾದ ಡಾಲ್ಬರ್ಜಿಯಾ, ಮೊದಲೇ ಇನ್ನೂ ಕಠಿಣವಾದ ಮೊದಲ ಅನುಬಂಧದಲ್ಲಿದ್ದ ಬ್ರೆಜಿಲಿನ ರೋಸ್‌ವುಡ್ಡನ್ನು ಬಿಟ್ಟು, ಪೂರ್ತಿಯಾಗಿ ಸೈಟಿಸ್ ಎಂಬ, ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿ, ಗಡಿ ದಾಟುವ ಮರಕ್ಕೆ ಕಾಗದಪತ್ರಗಳು ಬೇಕಾದವು. ಸಿದ್ಧ ಸಂಗೀತ ವಾದ್ಯಗಳಿಗೆ ಮತ್ತು ಅವುಗಳ ಸಿದ್ಧ ಭಾಗಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿತು, ಬ್ರೆಜಿಲಿನ ರೋಸ್‌ವುಡ್ಡಿಗೆ ಮಾತ್ರ ಸಿಗಲಿಲ್ಲ. ನೆಕ್ ತರಿಸುವಾಗ ಮರದ ಹೆಸರು ಬಿಲ್ಲಿನಲ್ಲಿ ಸ್ಪಷ್ಟವಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳುವುದು ಇದಕ್ಕಾಗಿ.

ಬಣ್ಣವಿಲ್ಲದ ಬಾಡಿ ತರಿಸಿ ತಾವೇ ಮೆರುಗು ಹಾಕುವವರು ನಮ್ಮ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೈಟ್ರೊಸೆಲ್ಯುಲೋಸ್ ಲ್ಯಾಕರ್ ತೇವದ ಗಾಳಿಯಲ್ಲಿ ಹಾಲಿನಂತೆ ಮಸುಕಾಗುತ್ತದೆ, ಮಳೆಗಾಲದ ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಆ ಕೆಲಸಕ್ಕೆ ಕೈ ಹಾಕಬಾರದು. ಎಣ್ಣೆಯ ಮೆರುಗು ನಿಧಾನವಾದರೂ ಹೊಸಬರ ಕೈತಪ್ಪುಗಳನ್ನು ಕ್ಷಮಿಸುತ್ತದೆ.

ಪಿಕಪ್ಪಿನಿಂದ ಜ್ಯಾಕಿನವರೆಗೆ

ಪಿಕಪ್ ಎಂದರೆ ಆಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ. ಕೂದಲಿನಷ್ಟು ತೆಳುವಾದ, ಸುಮಾರು 0.06 ಮಿ.ಮೀ. ದಪ್ಪದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಆಯಸ್ಕಾಂತದ ಸನಿಹದಲ್ಲಿ ಉಕ್ಕಿನ ತಂತಿ ಕಂಪಿಸಿದಾಗ ಕ್ಷೇತ್ರ ಅಲುಗಿ, ಸುರುಳಿಯಲ್ಲಿ ಅದೇ ಲಯದ ಕ್ಷೀಣ ವಿದ್ಯುತ್ತು ಹುಟ್ಟುತ್ತದೆ. ಈ ಸುರುಳಿಗೆ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯೂ ಕೇಳಿಸುತ್ತದೆ, ನಮ್ಮಲ್ಲಿ 50 ಹರ್ಟ್ಸ್, ಅಮೆರಿಕದಲ್ಲಿ 60. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಸೊಗಸಾದ ಪರಿಹಾರ ಕಂಡರು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಸುತ್ತಿನ ದಿಕ್ಕನ್ನೂ ಆಯಸ್ಕಾಂತದ ಧ್ರುವವನ್ನೂ ತಿರುಗುಮುರುಗು ಮಾಡಿದರೆ, ತಂತಿಯ ನಾದ ಎರಡರಲ್ಲೂ ಕೂಡುತ್ತದೆ, ಹೊರಗಿನ ಗುಂಯ್ ಮಾತ್ರ ಒಂದನ್ನೊಂದು ಹೊಡೆದುಹಾಕುತ್ತದೆ. ಹಂಬಕರ್ ಎಂಬುದು ಇದೇ. ಟೆಲಿಕಾಸ್ಟರಿನ ಒಂಟಿ ಸುರುಳಿಯ ಪಿಕಪ್ಪಿನಲ್ಲಿ ಗುಂಯ್ ಇದ್ದೇ ಇರುತ್ತದೆ, ಬಾಡಿಯ ಗುಳಿಗಳಿಗೆ ತಾಮ್ರದ ಹಾಳೆ ಅಂಟಿಸಿ ಭೂ ಸಂಪರ್ಕ ಕೊಟ್ಟರೆ ಸುತ್ತಲಿನ ಕರಕರ ತಗ್ಗುತ್ತದೆ.

ವಾಲ್ಯೂಮ್ ಗುಂಡಿಯ ಕೆಳಗಿರುವ, ವಿದ್ಯುತ್ತಿನ ರೋಧವನ್ನು ಏರಿಳಿಸುವ ಪೊಟೆನ್ಶಿಯೊಮೀಟರನ್ನು ಒಂಟಿ ಸುರುಳಿಗೆ 250 ಕಿಲೋಓಮ್, ಹಂಬಕರಿಗೆ 500 ಕಿಲೋಓಮ್ ಎಂದು ಆರಿಸುವ ರೂಢಿಯಿದೆ. ಪಿಕಪ್ಪಿನ ಸುರುಳಿ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುದಂಶವನ್ನು ಹಿಡಿದಿಡುವ ಗುಣ) ಸೇರಿ ಕೆಲವು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಒಂದು ಅನುರಣನದ ಶಿಖರವನ್ನು ಎಬ್ಬಿಸುತ್ತವೆ. ನಾವು ಹೊಳಪು ಎಂದು ಕೇಳುವುದು ಅದನ್ನೇ. ಪೊಟೆನ್ಶಿಯೊಮೀಟರ್ ಆ ಶಿಖರದ ಮೇಲಿನ ಹೊರೆ, ರೋಧ ಕಡಿಮೆಯಾದಷ್ಟೂ ಶಿಖರ ಕುಗ್ಗುತ್ತದೆ. ಸಹಜವಾಗಿಯೇ ಚುರುಕಾದ ಒಂಟಿ ಸುರುಳಿಗೆ 250ರ ಹೊರೆ ಹದ ತರುತ್ತದೆ, ಮಂದ್ರದತ್ತ ವಾಲಿದ ಹಂಬಕರಿಗೆ 500 ಹಾಕಿದರೆ ಹೊಳಪು ಉಳಿಯುತ್ತದೆ. ಟೋನ್ ಗುಂಡಿಯ ಕೆಪಾಸಿಟರ್ ಸಾಮಾನ್ಯವಾಗಿ 0.022 ಅಥವಾ 0.047 ಮೈಕ್ರೊಫ್ಯಾರಡ್, ಗುಂಡಿ ಇಳಿಸಿದಂತೆ ಅದು ತಾರದ ಅಂಶವನ್ನು ಭೂಮಿಗೆ ಹರಿಸುತ್ತದೆ.

ಬೇರೆ ಬೇರೆ ತಯಾರಕರ ಪಿಕಪ್ಪುಗಳನ್ನು ಕೂಡಿಸುವವರಿಗೆ ಕಾದಿರುವ ತೊಡಕೊಂದಿದೆ. ಎರಡೂ ಬಿಡಿಯಾಗಿ ಚೆನ್ನಾಗಿ ಮೊಳಗುತ್ತವೆ, ಸ್ವಿಚ್ಚನ್ನು ನಡುವಿಗೆ ತಂದು ಎರಡನ್ನೂ ಕೂಡಿಸಿದ ಕೂಡಲೇ ನಾದ ಸೊರಗಿ ಮೂಗಿನಿಂದ ಬಂದಂತೆ ಕೇಳುತ್ತದೆ. ಒಂದರ ಅಲೆ ಏರುವಾಗ ಇನ್ನೊಂದರ ಅಲೆ ಇಳಿಯುತ್ತಿದೆ ಎಂದು ಅದರ ಅರ್ಥ. ಒಂದು ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಆದರೆ ಟೆಲಿಕಾಸ್ಟರಿನ ನೆಕ್ ಪಿಕಪ್ಪಿನ ಲೋಹದ ಮುಚ್ಚಳ ಅದರ ಒಂದು ವೈರಿಗೆ ಕೂಡಿಕೊಂಡಿರುತ್ತದೆ. ಅದನ್ನು ಬಿಡಿಸಿ ಮುಚ್ಚಳಕ್ಕೆ ಪ್ರತ್ಯೇಕ ಭೂ ವೈರ್ ಕೊಡದೆ ಅದಲುಬದಲು ಮಾಡಿದರೆ ಮುಚ್ಚಳವೇ ಆಂಟೆನಾ ಆಗಿ, ಕೈ ತಾಗಿದಾಗಲೆಲ್ಲ ಗಿಟಾರ್ ಅರಚುತ್ತದೆ. ಸಾಧ್ಯವಾದರೆ ಎರಡೂ ಪಿಕಪ್ಪುಗಳನ್ನು ಒಂದೇ ಜೋಡಿಯಾಗಿ ಕೊಳ್ಳುವುದು ಇದಕ್ಕಾಗಿಯೇ ಒಳ್ಳೆಯದು.

ಬ್ರಿಡ್ಜಿನ ತಗಡಿನ ಕೆಳಗೆ ಒಂದು ಬರಿಯ ವೈರನ್ನು ಒತ್ತಿ ಹಿಡಿಸಿ ಅದನ್ನು ಪೊಟೆನ್ಶಿಯೊಮೀಟರಿನ ಬೆನ್ನಿಗೆ ಬೆಸೆಯುವುದನ್ನು ಮರೆಯಬಾರದು. ತಂತಿಗಳೆಲ್ಲ ಭೂಮಿಗೆ ಸೇರುವುದು ಅದರ ಮೂಲಕ. ಬೆಸುಗೆಯ ಸೀಸ ಕೈಗೆ ಹತ್ತುವುದರಿಂದ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಬೇಕು.

ಜೋಡಣೆ

ಎಲ್ಲ ಭಾಗ ಬಂದ ಮೇಲೆ ಬೈರಿಗೆ ಎತ್ತುವ ಮೊದಲು ಎಲ್ಲವನ್ನೂ ತಿರುಪಿಲ್ಲದೆ ಕೂರಿಸಿ ನೋಡಬೇಕು. ನೆಕ್ ಗುಳಿಯೊಳಗೆ ಕೈಯ ಒತ್ತಡಕ್ಕೆ ಇಳಿಯುವಷ್ಟು ಬಿಗಿಯಾಗಿದ್ದರೆ ಸರಿ. ಸುತ್ತಿಗೆ ಬೇಕೆನಿಸಿದರೆ ಗುಳಿಯ ಗೋಡೆಗೆ ಹತ್ತಿದ ಬಣ್ಣವನ್ನು ಉಪ್ಪುಕಾಗದದಿಂದ ಕೆರೆಯಬೇಕು, ಬಲವಂತ ಮಾಡಿದರೆ ಬಣ್ಣ ಚಕ್ಕೆಯೇಳುತ್ತದೆ.

ಈ ಇಡೀ ಕೆಲಸದಲ್ಲಿ ಹಿಂತೆಗೆಯಲಾಗದ ಗಳಿಗೆ ಎಂದರೆ ನೆಕ್ಕಿನ ಬುಡಕ್ಕೆ ನಾಲ್ಕು ರಂಧ್ರ ಕೊರೆಯುವುದು. ಅದಕ್ಕೆ ಮೊದಲು ಬ್ರಿಡ್ಜನ್ನು ಎರಡು ತಿರುಪಿನಿಂದ ನಿಲ್ಲಿಸಿ, ನೆಕ್ಕನ್ನು ಕ್ಲ್ಯಾಂಪಿನಿಂದ ಹಿಡಿಸಿ, ಮೊದಲ ಮತ್ತು ಆರನೆಯ ತಂತಿಯ ದಾರಿಯಲ್ಲಿ ನಟ್ಟಿನಿಂದ ಸ್ಯಾಡಲಿಗೆ ಎರಡು ದಾರಗಳನ್ನು ಬಿಗಿಯಾಗಿ ಎಳೆಯಬೇಕು. ಕೊನೆಯ ಮೆಟ್ಟಿಲಿನ ಬಳಿ ಎರಡೂ ದಾರಗಳು ಬೆರಳ ಹಲಗೆಯ ಅಂಚಿನಿಂದ ಸಮ ದೂರದಲ್ಲಿ ಇರುವಂತೆ ನೆಕ್ಕನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಆಗ ಗುರುತು ಹಾಕಿಕೊಳ್ಳಬೇಕು. ಅಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಒಂದು ಬದಿಯ ತಂತಿ ಅಂಚಿನಿಂದ ಜಾರುತ್ತಲೇ ಇರುತ್ತದೆ.

ರಂಧ್ರದ ಆಳಕ್ಕೂ ಲೆಕ್ಕವಿದೆ. ನೆಕ್ ತಿರುಪಿನ ಉದ್ದ ಸುಮಾರು 45 ಮಿ.ಮೀ. ಅದರಲ್ಲಿ ಗುಳಿಯ ಕೆಳಗಿನ ಮರ ಇಪ್ಪತ್ತೆಂಟೂವರೆ ಮಿ.ಮೀ., ಹಿಂದಿನ ಲೋಹದ ತಗಡು ಸುಮಾರು 2 ಮಿ.ಮೀ. ಕಳೆದರೆ ನೆಕ್ಕಿನೊಳಗೆ ಹೋಗುವುದು 14 ಅಥವಾ 15 ಮಿ.ಮೀ. ಮಾತ್ರ. ಬೈರಿಗೆಯ ಮೊನೆಗೆ 16 ಮಿ.ಮೀ.ನಲ್ಲಿ ಟೇಪ್ ಸುತ್ತಿಕೊಂಡರೆ ಬೆರಳ ಹಲಗೆಯನ್ನು ತೂತು ಮಾಡುವ ಅನಾಹುತ ತಪ್ಪುತ್ತದೆ. ಮೇಪಲ್ ಗಟ್ಟಿ ಮರವಾದ್ದರಿಂದ 3.2 ಮಿ.ಮೀ. ರಂಧ್ರ ಮೊದಲೇ ಕೊರೆದು, ತಿರುಪಿನ ಮರೆಗಳಿಗೆ ಮೇಣ ಸವರಿ ಹಾಕಬೇಕು. ಬಾಡಿಯ ರಂಧ್ರಗಳಲ್ಲಿ ಮಾತ್ರ ತಿರುಪು ಕಚ್ಚದೆ ಸಲೀಸಾಗಿ ಜಾರಬೇಕು. ಅಲ್ಲೂ ಕಚ್ಚಿಕೊಂಡರೆ ಎಷ್ಟು ತಿರುಗಿಸಿದರೂ ನೆಕ್ಕಿಗೂ ಬಾಡಿಗೂ ನಡುವೆ ಸಂದು ಉಳಿದುಬಿಡುತ್ತದೆ.

ತಂತಿ ಹಾಕಿದ ಮೇಲೆ

ಎಲ್ಲ ಬಿಗಿದು ತಂತಿ ಏರಿಸಿದ ಗಿಟಾರ್ ಇನ್ನೂ ವಾದ್ಯವಾಗಿರುವುದಿಲ್ಲ. ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ 9ರಿಂದ 42ರವರೆಗಿನ ದಪ್ಪದ ಆರು ತೆಳು ತಂತಿಗಳ ಕಟ್ಟೇ ಶ್ರುತಿಗೆ ಬಂದಾಗ 38 ಕೆ.ಜಿ.ಯ ಹತ್ತಿರ ಎಳೆಯುತ್ತದೆ. ಆ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗುತ್ತದೆ, ಅದನ್ನು ಎದುರಿಸಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಮೊದಲ ಮೆಟ್ಟಿಲನ್ನೂ ಕೊನೆಯ ಮೆಟ್ಟಿಲನ್ನೂ ಒಟ್ಟಿಗೆ ಒತ್ತಿ ಹಿಡಿದಾಗ ಏಳೆಂಟನೆಯ ಮೆಟ್ಟಿಲಿನ ಬಳಿ ತಂತಿಯ ಕೆಳಗೆ ಕಾಲು ಮಿ.ಮೀ.ನಷ್ಟು ಬೆಳಕು ಕಾಣಬೇಕು. ಕಂಪಿಸುವ ತಂತಿ ನಡುವಿನಲ್ಲಿ ಹೆಚ್ಚು ತೂಗುವುದರಿಂದ ಅಷ್ಟು ಬಾಗು ಬೇಕೇ ಬೇಕು. ಸರಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಶ್ರುತಿ ಮಾಡಿ, ಮರಕ್ಕೆ ಒಗ್ಗಲು ಸಮಯ ಕೊಟ್ಟು ಮತ್ತೆ ನೋಡಬೇಕು.

ತರಿಸಿದ ನೆಕ್ಕುಗಳಲ್ಲಿ ಮೆಟ್ಟಿಲುಗಳ ಎತ್ತರ ಎಲ್ಲ ಕಡೆ ಸಮನಾಗಿರುತ್ತದೆ ಎಂದು ನಂಬಲಾಗದು. ಒಂದು ಮೆಟ್ಟಿಲು ತುಸು ಎದ್ದಿದ್ದರೆ ಅದರ ಹಿಂದಿನ ಸ್ವರ ಕರ್ ಎನ್ನುತ್ತದೆ. ಮೆಟ್ಟಿಲುಗಳ ನೆತ್ತಿಗೆ ಮಾರ್ಕರ್ ಮಸಿ ಬಳಿದು, ನೆಕ್ಕನ್ನು ನೇರ ಮಾಡಿ, ಚಪ್ಪಟೆಯಾದ ಉದ್ದ ಅರವನ್ನು ಎಲ್ಲದರ ಮೇಲೂ ಹಗುರಾಗಿ ಓಡಿಸಿದರೆ ಎತ್ತರದವುಗಳ ಮಸಿ ಮೊದಲು ಅಳಿಯುತ್ತದೆ. ಎಲ್ಲದರ ಮಸಿಯೂ ಅಳಿದಾಗ ನಿಲ್ಲಿಸಿ, ಚಪ್ಪಟೆಯಾದ ನೆತ್ತಿಗಳನ್ನು ಮತ್ತೆ ದುಂಡಗೆ ಮಾಡಿ ಹೊಳಪು ಕೊಡಬೇಕು. ಇದಕ್ಕೆ ಕೈ ಪಳಗದವರು ಗಿಟಾರ್ ರಿಪೇರಿ ಬಲ್ಲವರಲ್ಲಿ ಮಾಡಿಸುವುದು ಮೇಲು, ತೆಗೆದ ಲೋಹ ಮರಳಿ ಬರುವುದಿಲ್ಲ.

ನಟ್ಟಿನ ಸೀಳುಗಳ ಆಳವನ್ನು ಹಲವರು ಕಡೆಗಣಿಸುತ್ತಾರೆ. ಮೊದಲ ಮೂರು ಮೆಟ್ಟಿಲುಗಳಲ್ಲಿ ಸ್ವರ ಏರುಪೇರಾಗಿ ಕೇಳುತ್ತಿದ್ದರೆ ತಪ್ಪು ಬಹುಪಾಲು ಅಲ್ಲಿಯೇ ಇರುತ್ತದೆ. ಸೀಳು ಎತ್ತರವಾಗಿದ್ದರೆ ಒತ್ತುವಾಗ ತಂತಿ ಹಿಗ್ಗಿ ಸ್ವರ ಏರುತ್ತದೆ. ಮೂರನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ಮೊದಲ ಮೆಟ್ಟಿಲಿನ ಮೇಲೆ ಕಂಡೂ ಕಾಣದಷ್ಟು ಸಂದು ಉಳಿದರೆ ಆಳ ಸರಿಯಿದೆ. ಆಮೇಲೆ ಸ್ಯಾಡಲುಗಳ ಎತ್ತರ. ಹದಿನೇಳನೆಯ ಮೆಟ್ಟಿಲಿನ ಮೇಲೆ ತಂತಿ 1.6 ಮಿ.ಮೀ. ಎತ್ತರದಲ್ಲಿದ್ದರೆ ಆರಂಭಕ್ಕೆ ಸಾಕು. ಪಿಕಪ್ಪನ್ನು ತಂತಿಗೆ ತೀರ ಹತ್ತಿರ ತಂದರೆ ಅದರ ಆಯಸ್ಕಾಂತ ತಂತಿಯನ್ನೇ ಎಳೆದು ದಪ್ಪ ತಂತಿಗಳ ಸ್ವರವನ್ನು ನಡುಗಿಸುತ್ತದೆ, ಎಷ್ಟು ಶ್ರುತಿ ಮಾಡಿದರೂ ಕೂಡದ ಗಿಟಾರಿನಲ್ಲಿ ಇದನ್ನೂ ಪರೀಕ್ಷಿಸಬೇಕು.

ಕೊನೆಗೆ ಉಳಿಯುವುದು ಮತ್ತೆ ಆ 648 ಮಿ.ಮೀ. ತಂತಿಯನ್ನು ಒತ್ತಿದಾಗ ಅದರ ಬಿಗಿ ಸ್ವಲ್ಪ ಏರುವುದರಿಂದ ಲೆಕ್ಕದ ಉದ್ದಕ್ಕೆ ಚೂರು ಸೇರಿಸಬೇಕಾಗುತ್ತದೆ, ದಪ್ಪ ತಂತಿಗೆ ಹೆಚ್ಚು, ತೆಳು ತಂತಿಗೆ ಕಡಿಮೆ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ಬೆರಳನ್ನು ಮೆತ್ತಗೆ ತಾಗಿಸಿ ಹಾರ್ಮೋನಿಕ್ ಸ್ವರ ಹೊರಡಿಸಿ, ಅಲ್ಲಿಯೇ ಒತ್ತಿ ಬರುವ ಸ್ವರದೊಂದಿಗೆ ಟ್ಯೂನರಿನಲ್ಲಿ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಮೂರು ಸ್ಯಾಡಲಿನ ಹಳೆಯ ಟೆಲಿಕಾಸ್ಟರ್ ಬ್ರಿಡ್ಜಿನಲ್ಲಿ ಒಂದು ಸ್ಯಾಡಲಿನ ಮೇಲೆ ಎರಡು ತಂತಿಗಳಿರುವುದರಿಂದ ಎರಡೂ ಒಟ್ಟಿಗೆ ಪೂರ್ತಿ ಸರಿಯಾಗುವುದು ಕಷ್ಟ, ಓರೆಯಾಗಿ ಕೊರೆದ ಸ್ಯಾಡಲುಗಳು ಬಂದದ್ದು ಈ ಕೊರತೆಯನ್ನು ತುಂಬಲು. ಹೀಗೆ ಸರಿಸುತ್ತ ಹೋದಂತೆ ಸ್ಯಾಡಲುಗಳು ಓರೆಸಾಲಿನಲ್ಲಿ ನಿಲ್ಲುತ್ತವೆ, ಆರನೆಯ ತಂತಿಯದು ಎಲ್ಲಕ್ಕಿಂತ ಹಿಂದೆ ಇರುತ್ತದೆ. ಮೊದಲ ಮಳೆಗಾಲದಲ್ಲಿ ಮರ ತೇವ ಹೀರಿ ನೆಕ್ಕಿನ ಬಾಗು ಬದಲಾದಾಗ ಟ್ರಸ್ ರಾಡಿನಿಂದ ಶುರುಮಾಡಿ ಈ ಅಳತೆಗಳನ್ನೆಲ್ಲ ಇದೇ ಕ್ರಮದಲ್ಲಿ ಇನ್ನೊಮ್ಮೆ ನೋಡಬೇಕಾಗುತ್ತದೆ.